ಈ ರ‍್ಯಾಚೆಟ್ ಯಾವ ಮನೆಯದು?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾವಲುಗಳಲ್ಲಿ ಕುರಿ ಮೇಯಿಸುವವರನ್ನು ಕೇಳಿ ನೋಡಿ. ಎರಡು ಹಿಂಡು ಬೆರೆತುಹೋದರೂ ತಮ್ಮ ಕುರಿ ಯಾವುದೆಂದು ಅವರು ಹೇಳಬಲ್ಲರು. ಬೆನ್ನಿಗೆ ಹಚ್ಚಿದ ಬಣ್ಣ ಅಳಿಸಿದ್ದರೆ ಕಿವಿ ನೋಡುತ್ತಾರೆ. ಅದರಲ್ಲೂ ತಿಳಿಯದಿದ್ದರೆ ಮುಖದ ಮಚ್ಚೆ, ಕೊಂಬಿನ ತಿರುವು ನೋಡುತ್ತಾರೆ. ಒಂದೇ ಗುರುತನ್ನು ನಂಬಿ ಕೂರುವುದಿಲ್ಲ. ಗುಜರಿ ಅಂಗಡಿಯಲ್ಲಿ ಕೊಂಡ ಹಳೆಯ ರ‍್ಯಾಚೆಟ್ ಸ್ಪ್ಯಾನರನ್ನು ತಯಾರಿಸಿದವರು ಯಾರೆಂದು ಪತ್ತೆ ಹಚ್ಚುವುದಕ್ಕೂ ಇದೇ ಜಾಣ್ಮೆ ಬೇಕು.

ಐಟಿಐ, ಡಿಪ್ಲೊಮಾ ಸೇರಿದ ಮಕ್ಕಳಿಗೆ ಹೊಸ ಸಾಕೆಟ್ ಸೆಟ್ ಕೊಡಿಸುವುದು ಎಲ್ಲ ತಂದೆ ತಾಯಿಗೂ ಸುಲಭವಲ್ಲ. ಹಳೆಯದೊಂದು ಸಿಕ್ಕರೆ ಖರ್ಚು ಉಳಿಯಿತು ಎನಿಸುತ್ತದೆ. ಆದರೆ ತಲೆಯೊಳಗಿನ ಹಲ್ಲು ಸವೆದಿದ್ದರೆ, ಬಲ ಹಾಕಿ ತಿರುಗಿಸುವಾಗ ಅದು ಒಮ್ಮೆಗೇ ಜಾರುತ್ತದೆ. ಆಗ ಬೆರಳ ಗೆಣ್ಣು ಎಂಜಿನ್ನಿಗೆ ಬಡಿಯುತ್ತದೆ. ತಯಾರಕರು ತಿಳಿದರೆ ಹಲ್ಲುಚಕ್ರ, ಸ್ಪ್ರಿಂಗುಗಳಿಗೆ ಬದಲಿ ಭಾಗ ಸಿಗುತ್ತದೆಯೇ ಎಂದು ವಿಚಾರಿಸಬಹುದು. ಕೊಟ್ಟ ಹಣ ನ್ಯಾಯವೇ ಎಂಬುದೂ ಗೊತ್ತಾಗುತ್ತದೆ.

ಮೊದಲು ಸ್ನಾನ

ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಗ್ರೈಂಡರ್, ಉಪ್ಪುಕಾಗದ ಬೇಡ; ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ. ಒರೆಸಿ ಒಣಗಿಸಿದ ಮೇಲೆ ಹಿಡಿಯ ಮೇಲೆ ಸೀಮೆಸುಣ್ಣ ಸವರಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಗುಳಿಗಳಲ್ಲಿ ಬಿಳಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೂ ಆದೀತು. ಟಾರ್ಚಿನ ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಬಿಡಿ.

ಕಂಡದ್ದೆಲ್ಲ ಹೆಸರಲ್ಲ

‘ಕ್ರೋಮ್ ವೆನೇಡಿಯಂ’ ಎಂದು ಕಂಡರೆ ಅದು ಉಕ್ಕಿನ ಜಾತಿ, ಕಂಪನಿಯಲ್ಲ. ‘ಡ್ರಾಪ್ ಫೋರ್ಜ್ಡ್’ ಎಂದರೆ ಕಾದ ಲೋಹವನ್ನು ಅಚ್ಚಿನಲ್ಲಿ ಬಡಿದು ಮಾಡಿದ್ದು ಎಂದಷ್ಟೇ. ‘1/2’ ಎಂಬುದು ಸಾಕೆಟ್ ಕೂರುವ ಚೌಕದ ಅಳತೆ: ಅರ್ಧ ಇಂಚು, ಅಂದರೆ 12.7 ಮಿ.ಮೀ. ಮೆಟ್ರಿಕ್ ಸಾಕೆಟ್‌ಗಳಿಗೂ ಈ ಚೌಕ ಇಂಚಿನ ಲೆಕ್ಕದಲ್ಲೇ ಉಳಿದಿದೆ.

ದೇಶದ ಹೆಸರು ಕಾಲವನ್ನೂ ಹೇಳುತ್ತದೆ. ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಅದು 1949ರಿಂದ 1990ರ ನಡುವಿನದು. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ ಆ ದೇಶ ಒಡೆದ 1993ಕ್ಕಿಂತ ಹಿಂದಿನದು. ಬಾಣದ ತುದಿಯಂಥ ಮೂರು ಗೆರೆಗಳ ಚಿಹ್ನೆ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. 1920ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದ ಸ್ನ್ಯಾಪ್-ಆನ್ ಕಂಪನಿ ತಯಾರಿಕೆಯ ವರ್ಷಕ್ಕೊಂದು ಸಂಕೇತವನ್ನು ಒತ್ತುತ್ತಿತ್ತು. ಅಂಥ ವಿದೇಶಿ ಸಾಮಾನು ನಮ್ಮಲ್ಲಿಗೆ ಬಂದದ್ದು ಹೇಗೆ ಎಂದು ಬೆರಗಾಗಬೇಡಿ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆ 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ಸೇನೆಯ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು.

ನಮ್ಮ ದೇಶದ ಸಾಮಾನಿನ ಮೇಲೆ ಐಎಸ್‌ಐ ಮುದ್ರೆಯಿದ್ದರೆ ಕೆಲಸ ಸಲೀಸು. ಮುದ್ರೆಯ ಮೇಲಿನ ಅಂಕಿ ಮಾನಕದ ಸಂಖ್ಯೆ. ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವುದು ಲೈಸೆನ್ಸ್ ಸಂಖ್ಯೆ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿ ಲೈಸೆನ್ಸ್ ಪಡೆದವರ ವಿವರ ಹುಡುಕಬಹುದು.

ಮಾರುವವರು, ಮಾಡುವವರು

ಹಿಡಿಯ ಮೇಲಿನ ಹೆಸರು ತಯಾರಕರದ್ದೇ ಆಗಬೇಕೆಂದಿಲ್ಲ. ಅಮೆರಿಕದ ಸಿಯರ್ಸ್ ಅಂಗಡಿ ‘ಕ್ರಾಫ್ಟ್ಸ್‌ಮನ್’ ಹೆಸರಿನಲ್ಲಿ ಸಲಕರಣೆ ಮಾರುತ್ತಿತ್ತು. ಮಾಡಿಕೊಡುತ್ತಿದ್ದವು ಬೇರೆ ಬೇರೆ ಕಾರ್ಖಾನೆಗಳು. ಪಕ್ಕದ ಪುಟ್ಟ ಅಕ್ಷರವೇ ಕಾರ್ಖಾನೆಯ ಗುರುತು. ಅದೇ ಸಿಯರ್ಸ್‌ನಲ್ಲಿ ಗುಮಾಸ್ತನಾಗಿದ್ದ ಪೀಟರ್ ರಾಬರ್ಟ್ಸ್ ಎಂಬ 18ರ ಹುಡುಗ, ಗುಂಡಿ ಒತ್ತಿದರೆ ಒಂದೇ ಕೈಯಲ್ಲಿ ಸಾಕೆಟ್ ಕಳಚುವ ರ‍್ಯಾಚೆಟ್ ರೂಪಿಸಿದ. 1965ರಲ್ಲಿ ಪೇಟೆಂಟ್ ಸಿಕ್ಕಿತು. ಸಿಯರ್ಸ್ ಹೆಚ್ಚೆಂದರೆ 10,000 ಡಾಲರ್ ಎಂದು ಹಕ್ಕು ಬರೆಸಿಕೊಂಡು, ಆ ರ‍್ಯಾಚೆಟ್‌ಗಳನ್ನು ಲಕ್ಷಗಟ್ಟಲೆ ಮಾರಿತು. 1969ರಲ್ಲಿ ಆತ ಹೂಡಿದ ದಾವೆ ರಾಜಿಯಲ್ಲಿ ಮುಗಿದದ್ದು 1989ರಲ್ಲಿ. ಹಿಡಿಯ ಮೇಲೆ ಪೇಟೆಂಟ್ ಸಂಖ್ಯೆ ಕಂಡರೆ ಬಿಡಬೇಡಿ. ಆ ದಾಖಲೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಚಿತ್ರ, ಉಪಾಯ ಕಂಡುಹಿಡಿದವರ ಹೆಸರು ಎರಡೂ ಸಿಗುತ್ತವೆ.

ಅಕ್ಷರವೇ ಇಲ್ಲದಿದ್ದರೆ ಮೈಕಟ್ಟು ನೋಡಬೇಕು. ತಲೆ ದುಂಡಗಿದೆಯೇ, ನೀರಹನಿಯಂತಿದೆಯೇ? ದಿಕ್ಕು ಬದಲಿಸುವ ಕೀಲಿ ಎಲ್ಲಿದೆ? ಮುಚ್ಚಳಕ್ಕೆ ಎಷ್ಟು ತಿರುಪು? ಹಲ್ಲನ್ನೂ ಎಣಿಸಿ. ಒಂದು ಸುತ್ತಿಗೆ 24 ‘ಟಕ್’ ಕೇಳಿಸಿದರೆ ಹೆಜ್ಜೆಗೆ 15 ಡಿಗ್ರಿ. 72 ಆದರೆ 5 ಡಿಗ್ರಿ. ಇಷ್ಟನ್ನೂ ಹಳೆಯ ಕ್ಯಾಟಲಾಗ್‌ಗಳ ಚಿತ್ರದ ಜೊತೆ ಹೋಲಿಸಿ. ಎರಡು ಮೂರು ಲಕ್ಷಣ ಕೂಡಿದರೆ ಮಾತ್ರ ಹೆಸರು ಹೇಳಿ. ಹೆಸರಾಂತ ಬ್ರಾಂಡ್ ಕಂಡರೂ ಕಾಗುಣಿತ ಪರೀಕ್ಷಿಸಿ. ಒಂದು ಅಕ್ಷರ ಬದಲಿಸಿದ ನಕಲಿಗಳು ಸಂತೆಯಲ್ಲಿ ಬೇಕಾದಷ್ಟಿವೆ.

ಒಡೆಯನ ಗುರುತು

ಇನ್ನೊಂದು ಎಚ್ಚರಿಕೆ ತಂದೆ ತಾಯಿಗೆ. ಕೊರೆದ ಅಕ್ಷರ ಕೆಲವೊಮ್ಮೆ ತಯಾರಕರದ್ದಲ್ಲ, ಒಡೆಯರದ್ದು. ಮುಚ್ಚಿದ ಕಾರ್ಖಾನೆಗಳ ಸಾಮಾನು ಹರಾಜಾಗಿ ಗುಜರಿ ಸೇರುವುದು ಸಹಜ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಈಗಿಲ್ಲ. ಆದರೆ ರೈಲ್ವೆಯ ಗುರುತಿದ್ದರೆ ರಸೀದಿ ಕೇಳಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಅಪರಾಧ. ಬೇರೆ ಕಳವು ಮಾಲಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ನೂರಿನ್ನೂರು ರೂಪಾಯಿಯ ಉಳಿತಾಯಕ್ಕಾಗಿ ಹುಡುಗ ಠಾಣೆ ಮೆಟ್ಟಿಲು ಹತ್ತುವಂತಾಗಬಾರದು.

ಈ ಶ್ರದ್ಧೆ ವ್ಯರ್ಥವಲ್ಲ. ಒಂದು ಕಾಲಕ್ಕೆ ಬರೀ ಹುಲ್ಲುಗಾವಲಾಗಿದ್ದ ವರವು ಕಾವಲ್‌ನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೊದ ಮರುಬಳಕೆ ವಾಹನ ತಾನಾಗಿ ಅಲ್ಲಿನ ರನ್‌ವೇಗೆ ಇಳಿಯಿತು. ವಿಮಾನದ ಕೆಲಸದಲ್ಲಿ ಪ್ರತಿ ಸಲಕರಣೆಗೂ ಸಂಖ್ಯೆಯಿರುತ್ತದೆ. ಕೆಲಸ ಮುಗಿದ ಮೇಲೆ ಎಣಿಸಿ ಒಪ್ಪಿಸಬೇಕು. ಮರೆತ ಒಂದು ಸ್ಪ್ಯಾನರ್ ಎಂಜಿನ್ನನ್ನೇ ಕೆಡಿಸಬಲ್ಲದು. ಕೈಯಲ್ಲಿರುವುದು ಏನು, ಯಾರದು, ಎಲ್ಲಿಂದ ಬಂತು ಎಂದು ಬರೆದಿಡುವ ಅಭ್ಯಾಸವನ್ನು ಗುಜರಿಯ ರ‍್ಯಾಚೆಟ್‌ನಿಂದಲೇ ಆರಂಭಿಸಬಹುದು. ಅದಕ್ಕೆ ಬೇಕಾದದ್ದು ನಲವತ್ತು ಪುಟದ ಒಂದು ನೋಟ್‌ಬುಕ್ಕು.