ಹಾರ ಅತಿಥಿಗೆ, ಬೆವರು ನಟನಿಗೆ!

ಉರ್ವಾಸ್ಟೋರಿನ ಬಸ್ ಸ್ಟಾಪಿನಲ್ಲಿ ನಾಟಕದ ವಿಮರ್ಶೆ ಪುಕ್ಕಟೆ ಸಿಗುತ್ತದೆ. ‘ನಿನ್ನೆಯ ನಾಟಕ ಹೇಗಿತ್ತು ಮಾರಾಯ್ರೆ?’ ಎಂದು ಒಬ್ಬರು ಕೇಳಿದರೆ ಸಾಕು. ‘ನಗಾಡಿ ಸಾಕಾಯ್ತು, ಆದ್ರೆ ಕಥೆ ಎಲ್ಲುಂಟು?’ ಎಂಬ ಉತ್ತರ ತಯಾರು.

ತುಳು ನಾಟಕದ ಲೆಕ್ಕವೇ ಬೇರೆ. ವಾರ್ಷಿಕೋತ್ಸವಕ್ಕೋ ಜಾತ್ರೆಗೋ ತಂಡವನ್ನು ಬುಕ್ ಮಾಡಿ ದುಡ್ಡು ಕೊಡುವವರು ಸಂಘದವರು. ನೋಡುವವರಿಗೆ ಹೆಚ್ಚಾಗಿ ಟಿಕೆಟಿಲ್ಲ. ಹಾಗಾಗಿ ನಾಟಕ ಗೆದ್ದಿತೋ ಸೋತಿತೋ ಎಂದು ಗಲ್ಲಾಪೆಟ್ಟಿಗೆ ಹೇಳುವುದಿಲ್ಲ, ಪತ್ರಿಕೆಗಳೇ ಹೇಳಬೇಕು.

ಆದರೆ ಅಚ್ಚಾಗುವುದೇನು? ದೀಪ ಬೆಳಗಿಸಿದವರ ಹೆಸರು, ಶಾಲು ಹೊದೆಸಿಕೊಂಡವರ ಫೋಟೋ. ಕೊನೆಗೆ ‘ಬಳಿಕ ನಾಟಕ ಪ್ರದರ್ಶನಗೊಂಡಿತು’ ಎಂಬ ಒಂದೇ ಸಾಲು!

ದೊಡ್ಡ ಹೆಸರಿನವರಿಗೆ ಇದರಿಂದ ನಷ್ಟವಿಲ್ಲ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್ ಎಂದರೆ ಜನ ಮೊದಲೇ ನಗುತ್ತಾರೆ. ವಿಜಯಕುಮಾರ್ ಕೊಡಿಯಾಲ್‌ಬೈಲರ ‘ಒರಿಯರ್ದೊರಿ ಅಸಲ್’ ನಾಟಕ 2011ರಲ್ಲಿ ಸಿನಿಮಾವೂ ಆಯಿತು. 2020ರಲ್ಲಿ ರಂಗಕ್ಕೆ ಬಂದ ಅವರದೇ ‘ಶಿವದೂತೆ ಗುಳಿಗೆ’ಯ ಗುಳಿಗ ಸ್ವರಾಜ್ ಶೆಟ್ಟಿ ಮನೆಮಾತಾದರು.

ನಷ್ಟ ಸಣ್ಣ ಪಾತ್ರದವರಿಗೆ. ಹಗಲು ಬೇರೆ ಕೆಲಸ, ರಾತ್ರಿ ಬಣ್ಣ. ಎರಡೇ ದೃಶ್ಯದಲ್ಲಿ ಬಂದು ಕಣ್ಣು ಒದ್ದೆ ಮಾಡಿಸಿದವರ ಹೆಸರು ಮರುದಿನ ಎಲ್ಲಿಯೂ ಇಲ್ಲ. ಮಾತು ನುಂಗಿದವರನ್ನು ತಿದ್ದುವವರೂ ಇಲ್ಲ. ಹೊಗಳಿಕೆ ಬಿಡಿ, ಬೈಗುಳವೂ ಇಲ್ಲದಿದ್ದರೆ ನಟ ಬೆಳೆಯುವುದು ಹೇಗೆ?

ತುಳು ಅಕಾಡೆಮಿಯ ತುಳು ಭವನ ಇರುವುದು ಇದೇ ಉರ್ವಾಸ್ಟೋರಿನಲ್ಲಿ. ವಿಮರ್ಶಕರು ಬಸ್ ಸ್ಟಾಪಿನಲ್ಲಿ ಇದ್ದೇ ಇದ್ದಾರೆ. ಬಸ್ಸು ಬಂತೋ, ವಿಮರ್ಶೆಯೂ ಬಸ್ಸೇರಿ ಹೋಯಿತು. ಬರೆದಿಡುವವರೊಬ್ಬರು ಬೇಡವೇ?