ಗೀಟುಗಳ ಗೋಡೆ

ನ್ಯೂಯಾರ್ಕಿನಲ್ಲಿ ಹೌಸ್ಟನ್ ಬೀದಿಯೂ ಬಾವರಿಯೂ ಕೂಡುವ ಮೂಲೆಯಲ್ಲಿ ಒಂದು ಗೋಡೆಯಿದೆ. 1982ರಲ್ಲಿ ಕಲಾವಿದ ಕೀತ್ ಹೇರಿಂಗ್ ಅದಕ್ಕೆ ಬಣ್ಣ ಹಚ್ಚಿದಂದಿನಿಂದ ಬೀದಿ ಚಿತ್ರಕಾರರಿಗೆ ಅಲ್ಲೊಂದು ಕಣ್ಣು. 2018ರ ಮಾರ್ಚಿನಲ್ಲಿ ಆ ಗೋಡೆಯ ತುಂಬ ಬರೀ ಗೀಟುಗಳು. ಸುಮಾರು 70 ಅಡಿ ಉದ್ದಕ್ಕೆ, ಬಿಳಿಯ ಮೇಲೆ ಕಪ್ಪಾಗಿ, ಲಾರಿಯಿಂದ ಮೂಟೆ ಇಳಿಸುವಾಗ ಲೆಕ್ಕ ಹಾಕುವಂತೆ ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಒಂದು ಗೀಟೆಂದರೆ ಜೈಲಿನ ಒಂದು ದಿನ.

ನೋಡುತ್ತ ಹೋದರೆ ಒಂದು ಕಡೆ ಗೀಟುಗಳೇ ಸರಳುಗಳಾಗಿದ್ದವು. ಹಿಂದೆ ಹೆಣ್ಣುಮಗಳೊಬ್ಬಳ ಮುಖ, ಸರಳು ಹಿಡಿದ ಬೆರಳುಗಳು. ಆ ಸರಳುಗಳಲ್ಲಿ ಒಂದು ಪೆನ್ಸಿಲ್ಲು! ಜೊತೆಗೆ, ಝೆಹ್ರಾ ದೋಆನ್‌ರನ್ನು ಬಿಡಿ ಎಂಬ ಬರಹ. ಬರೆದವರು ಬೀದಿ ಚಿತ್ರಕಾರರಾದ ಬ್ಯಾಂಕ್ಸಿ ಮತ್ತು ಬೋರ್ಫ್. ತನ್ನ ನಿಜನಾಮವನ್ನು ಇವತ್ತಿಗೂ ಬಾಯಿಬಿಡದ ಬ್ಯಾಂಕ್ಸಿ ಇನ್ನೊಬ್ಬರ ಹೆಸರನ್ನು ಊರಿಗೆಲ್ಲ ಕಾಣುವಂತೆ ಬರೆದದ್ದು ನನಗಂತೂ ಇಷ್ಟವಾಯಿತು.

ಝೆಹ್ರಾ ಟರ್ಕಿಯ ಕುರ್ದಿಶ್ ಕಲಾವಿದೆ, ಪತ್ರಕರ್ತೆ. ಸೇನಾ ಕಾರ್ಯಾಚರಣೆಯಲ್ಲಿ ಕುಸಿದ ನುಸೈಬಿನ್ ಪಟ್ಟಣದ ಫೋಟೊ ಒಂದಿತ್ತು. ಮುರಿದ ಕಟ್ಟಡಗಳ ಮೇಲೆ ಟರ್ಕಿಯ ಬಾವುಟಗಳು. ಅದನ್ನೇ ನೋಡಿಕೊಂಡು ಆಕೆ ಚಿತ್ರ ಬರೆದರು, ಅಷ್ಟೆ. ಸೇನೆಯ ವಾಹನಗಳು ಮಾತ್ರ ಆಕೆಯ ಚಿತ್ರದಲ್ಲಿ ಹುಳಹುಪ್ಪಟೆಗಳಾದವು. 2017ರಲ್ಲಿ ಕೋರ್ಟು ಕೊಟ್ಟ ಶಿಕ್ಷೆ 2 ವರ್ಷ, 9 ತಿಂಗಳು, 22 ದಿನ. ನ್ಯೂಯಾರ್ಕಿನಲ್ಲಿ ರಾತ್ರಿಯಾದ ಮೇಲೆ, ಗೀಟುಗಳ ಮೇಲುಗಡೆ ಪ್ರೊಜೆಕ್ಟರ್ ಹಾಕಿ ತೋರಿಸಿದ್ದು ಅದೇ ಚಿತ್ರವನ್ನು. ಆಕೆಯನ್ನು ಜೈಲಿಗೆ ಕಳಿಸಿದ ಚಿತ್ರ ಹೀಗೆ ದಾರಿಹೋಕರಿಗೆಲ್ಲ ಬಯಲಾಯಿತು.

ಇತ್ತ ಟರ್ಕಿಯ ದಿಯಾರ್‌ಬಕಿರ್ ಜೈಲಿನೊಳಗೆ ಬಣ್ಣಕ್ಕೆ ಬರಗಾಲ. ಝೆಹ್ರಾ ಅಡುಗೆಯ ಪದಾರ್ಥಗಳಿಂದ, ಕಾಫಿಯಿಂದ, ಕೊನೆಗೆ ತಮ್ಮ ಮುಟ್ಟಿನ ರಕ್ತದಿಂದಲೂ ಬಣ್ಣ ಮಾಡಿಕೊಂಡರು. ಅಂಗಳಕ್ಕೆ ಉದುರಿದ ಹಕ್ಕಿಯ ಪುಕ್ಕವೇ ಕುಂಚ. ಹಳೆಯ ಪತ್ರಿಕೆ, ಬಟ್ಟೆಗಳೇ ಕ್ಯಾನ್ವಾಸು.

2018ರಲ್ಲೇ ಚೀನಾದ ಕಲಾವಿದ ಐ ವೈವೈ ಆಕೆಗೆ ಪತ್ರ ಬರೆದರು. 2011ರಲ್ಲಿ ಬೀಜಿಂಗಿನಲ್ಲಿ 81 ದಿನ ಬಂಧನದಲ್ಲಿದ್ದವರು ಅವರು. ಆಗ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ನೆತ್ತಿಯ ಮೇಲೆ ಅವರ ಬಿಡುಗಡೆ ಕೇಳುವ ಅಕ್ಷರಗಳು ಬೆಳಗಿದ್ದವು. ಪ್ಯಾರಿಸ್ಸಿನಲ್ಲಿ ಅನೀಶ್ ಕಪೂರ್ ತಮ್ಮ ಭಾರಿ ಶಿಲ್ಪವನ್ನು ಅವರಿಗೆ ಅರ್ಪಿಸಿದ್ದರು.

ಗೋಡೆಯ ಗೀಟುಗಳಿಗೆ ಕೋರ್ಟು ಮಣಿಯಲಿಲ್ಲ. ಝೆಹ್ರಾ ಹೊರಬಂದದ್ದು 2019ರ ಫೆಬ್ರುವರಿಯಲ್ಲಿ, ಆಮೇಲೆ ಸಾಗಿಸಿದ್ದ ತಾರ್ಸುಸ್ ಜೈಲಿನಿಂದ. ಮೇ ತಿಂಗಳಲ್ಲಿ ಅದೇ ಟೇಟ್ ಮಾಡರ್ನ್‌ನಲ್ಲಿ, ಹಾಳುಬಿದ್ದ ಕುರ್ದಿಶ್ ಊರುಗಳಿಂದ ತಂದ ವಸ್ತುಗಳನ್ನು ಪ್ರದರ್ಶನಕ್ಕಿಟ್ಟರು.