ಕೈಯಿಂದ ಕೈಗೆ ಬಂದ ಪುಸ್ತಕಗಳು

ಒಳ್ಳೆಯ ಪುಸ್ತಕ ಎಂದಾದರೊಂದು ದಿನ ತನ್ನ ಓದುಗನನ್ನು ತಾನೇ ಸೇರಿಕೊಳ್ಳುತ್ತದೆ ಎಂಬ ನಂಬಿಕೆಯೊಂದು ನಮ್ಮ ವಿದ್ಯಾವಂತ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಹಿತವಾದ ನಂಬಿಕೆಯೇನೋ ಹೌದು. ಆದರೆ ಮೈಸೂರಿನಲ್ಲಿ ನೆಲೆಸಿದವರಿಗೆ ಇದನ್ನು ಒಪ್ಪಿಕೊಳ್ಳುವುದು ತುಸು ಕಷ್ಟ. ಭಾರತದ ಮಹಾಗ್ರಂಥವೊಂದು ಶತಮಾನಗಳ ಕಾಲ ಕಣ್ಮರೆಯಾಗಿದ್ದು ಮತ್ತೆ ಬೆಳಕಿಗೆ ಬಂದದ್ದು ಇದೇ ಊರಿನಲ್ಲಿ. ಅದು ಬಂದ ಬಗೆ ಈ ನಂಬಿಕೆಗೆ ತೀರಾ ವಿರುದ್ಧವಾದದ್ದು.

ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಇಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುತ್ತೇವೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಎಂಬ ಗ್ರಂಥವೊಂದು ಇತ್ತೆಂಬುದು ದಂಡಿ, ಬಾಣರಂಥವರ ಉಲ್ಲೇಖಗಳಿಂದ ಪಂಡಿತರಿಗೆ ತಿಳಿದಿತ್ತೇ ಹೊರತು ಇಡೀ ಗ್ರಂಥವನ್ನು ಕಂಡವರು ವಿದ್ವತ್ ಲೋಕದಲ್ಲಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿಯ ಪ್ರತಿಯೊಂದನ್ನು ಈ ಗ್ರಂಥಾಲಯಕ್ಕೆ ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಏನು ಕೈಗೆ ಬಂದಿದೆ ಎಂಬುದನ್ನು ಗುರುತಿಸಿದರು. 1909ರಲ್ಲಿ ಮೂಲಪಾಠ ಮೈಸೂರಿನಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂದಿತು. ಪ್ರಾಚೀನ ಭಾರತಕ್ಕೆ ಪರಲೋಕದ ಚಿಂತೆಯೊಂದೇ ಇತ್ತು, ರಾಜ್ಯಾಡಳಿತದ ಶಾಸ್ತ್ರ ಗೊತ್ತಿರಲಿಲ್ಲ ಎಂದು ವಾದಿಸುತ್ತಿದ್ದವರು ಮಾತು ಬದಲಿಸಬೇಕಾಯಿತು.

ಈ ಕಥೆ ಹೇಳುವಾಗಲೆಲ್ಲ ನಾವು ಶಾಮಶಾಸ್ತ್ರಿಗಳನ್ನು ಸ್ಮರಿಸುತ್ತೇವೆ, ಅದು ಸರಿಯೇ. ತಾಳೆಗರಿಯ ಕಟ್ಟನ್ನು ಹೊತ್ತು ತಂದ ಆ ಪಂಡಿತರ ಹೆಸರು ಮಾತ್ರ ಸಾಮಾನ್ಯ ಓದುಗರಲ್ಲಿ ಯಾರಿಗೂ ಗೊತ್ತಿಲ್ಲ. ಕಟ್ಟು ಅವರ ಮನೆಯ ಅಟ್ಟದಲ್ಲೇ ಉಳಿದಿದ್ದರೆ ಗೆದ್ದಲಿಗೆ ಆಹಾರವಾಗಬಹುದಿತ್ತು. ಗ್ರಂಥಾಲಯಕ್ಕೆ ಬಂದ ಮೇಲೂ ಅದನ್ನು ಬಿಚ್ಚಿ ನೋಡುವ ಗ್ರಂಥಪಾಲಕರಿಲ್ಲದಿದ್ದರೆ ಸಂಖ್ಯೆ ಬರೆಸಿಕೊಂಡು ಬೀರುವಿನಲ್ಲಿ ನಿದ್ರಿಸುತ್ತಿತ್ತು. ಗ್ರಂಥದ ಮಹತ್ವ ಅದನ್ನು ಈ ಎರಡೂ ಗತಿಗಳಿಂದ ಪಾರುಮಾಡಲಾರದು. ಪಾರುಮಾಡಿದ್ದು ಕೊಡುವ ಒಂದು ಕೈ, ಓದಬಲ್ಲ ಒಂದು ಕಣ್ಣು.

ನಮ್ಮ ಹಳಗನ್ನಡ ಕಾವ್ಯಗಳ ಸಂಗತಿಯೂ ಬೇರೆಯಲ್ಲ. ಮೈಸೂರಿನ ಎಂ.ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು 1892ರಲ್ಲಿ ‘ಕಾವ್ಯಮಂಜರಿ’ಯನ್ನು ಆರಂಭಿಸಿ, ಓಲೆಗರಿಗಳಲ್ಲಿದ್ದ ಕಾವ್ಯಗಳನ್ನು ಅಚ್ಚಿಗೆ ಅಣಿಗೊಳಿಸಿ ಕಂತುಕಂತಾಗಿ ಓದುಗರಿಗೆ ತಲುಪಿಸಿದರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಈ ಸಂಪುಟಗಳನ್ನು ಸಾಹಿತ್ಯ ಚರಿತ್ರೆಯೆಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ನನಗಂತೂ ಅವು, ಓದಬೇಕಾದದ್ದು ಏನೇನಿದೆ ನೋಡಿ ಎಂದು ಹಿರಿಯರೊಬ್ಬರು ಕೂರಿಸಿಕೊಂಡು ಹೇಳಿದ ಬಹು ದೊಡ್ಡ ಶಿಫಾರಸು ಪತ್ರದಂತೆಯೇ ತೋರುತ್ತವೆ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿದಾಗ ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಮಾತುಗಳೇ ಅಗ್ಗದ ಬೆಲೆಯ ಕಿರುಹೊತ್ತಗೆಗಳಾದವು. ಜೇಬಿನಲ್ಲಿ ಹಿಡಿಸುವ ಆ ಪುಸ್ತಕಗಳಲ್ಲಿ ಕೆಲವು ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದವು. ನನ್ನ ಪಾಲಿಗೆ ಬಂದ ಪಿತ್ರಾರ್ಜಿತ ಆಸ್ತಿಯಲ್ಲಿ ದಾಯಾದಿಗಳು ತಕರಾರು ತೆಗೆಯದ ಭಾಗ ಅದೊಂದೇ!

ಇನ್ನು, ಓದಿನಿಂದ ಸಿಗುವುದೇನು? ಜ್ಞಾನ, ಸಂಸ್ಕಾರ, ಮನೋವಿಕಾಸ ಎಂಬ ಮಾತುಗಳನ್ನು ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಅವುಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ಖಚಿತವಾಗಿ ಸಿಕ್ಕದ್ದನ್ನು ಹೇಳಬೇಕೆಂದರೆ ಬ್ಯಾಂಕಿನ ಕೌಂಟರಿನ ವಿಷಯ ಹೇಳಬೇಕಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಈ ಊರಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಪುಸ್ತಕ ತೆಳ್ಳಗಿತ್ತು, ಆದರೆ ಪುಟ ಸಾಗುತ್ತಿರಲಿಲ್ಲ. ನಂಜನಗೂಡು, ಚಾಮರಾಜನಗರ ಸೀಮೆಯ ಆಡುನುಡಿ ಅದು. ಮೈಸೂರಿನಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯ ಆ ಮಾತು ಶಾಲೆಯ ಕನ್ನಡದಲ್ಲಿ ಪಳಗಿದ ಕಣ್ಣಿಗೆ ಹೊಸ ಲಿಪಿಯಂತೆ ಕಾಣುತ್ತಿತ್ತು. ಅನೇಕರು ನಾಲ್ಕು ಪುಟ ಓದಿ ಕೆಳಗಿಟ್ಟದ್ದನ್ನು ಬಲ್ಲೆ. ನಂಜನಗೂಡು ತಾಲ್ಲೂಕಿನವರಾದ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ನನ್ನ ಮೇಜಿನ ಮೇಲಿದ್ದ ಆ ಪುಸ್ತಕವನ್ನು ಕಂಡರು. “ಇದನ್ನ ಕಣ್ಣಲ್ಲಿ ಓದಬಾರದು ಸಾರ್, ಕಿವಿಯಲ್ಲಿ ಓದಬೇಕು. ಇದು ನಮ್ಮವ್ವ ಮಾತಾಡೋ ಮಾತು” ಎಂದು ಅಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದರು. ಇರುಳಲ್ಲಿ ಮನೆಮನೆಯ ದೀಪಗಳ ಜೋತಮ್ಮಗಳು ಸೇರಿ ಸುಖದುಃಖ ಆಡಿಕೊಳ್ಳುವ ಭಾಗ ಅದು. ಕಾಗದದ ಮೇಲೆ ಕಲ್ಲುಗಳಂತೆ ಕೂತಿದ್ದ ಪದಗಳು ಅವರ ಬಾಯಲ್ಲಿ ನೀರಾಗಿ ಹರಿದವು. ಒಂದು ವಾರ, ದಿನಕ್ಕೆ ಇಪ್ಪತ್ತು ನಿಮಿಷದಂತೆ, ನಾವು ಮೂರು ನಾಲ್ಕು ಮಂದಿ ಬುತ್ತಿ ಬಿಚ್ಚಿಕೊಂಡು ಕೇಳಿದೆವು.

ನನಗೆ ಸಿಕ್ಕದ್ದು ಆ ಮೇಲಿನ ದಿನಗಳಲ್ಲಿ. ಕೌಂಟರಿನ ಎದುರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ನಿಲ್ಲುತ್ತಿದ್ದ ಹಳ್ಳಿಯ ಹೆಂಗಸರ ಮಾತು ಅಲ್ಲಿಯವರೆಗೆ ನನಗೆ ವ್ಯವಹಾರಕ್ಕೆ ಬೇಕಾದಷ್ಟು ಮಾತ್ರ ಕೇಳಿಸುತ್ತಿತ್ತು: ಹೆಸರು, ಊರು, ಮೊತ್ತ. ಈಗ ಆ ಮಾತಿನ ಬಳುಕು, ಅದರೊಳಗಿನ ನಗೆ, ಹೇಳದೆ ಬಿಟ್ಟ ನೋವು ಕೇಳಿಸತೊಡಗಿದವು. ಹಣ ಎಣಿಸುತ್ತ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದ ಮನೆವಾರ್ತೆಯಲ್ಲಿ ಕಥನದ ಕಸುವಿತ್ತು. ಆ ಹೆಂಗಸರು ಬದಲಾಗಿರಲಿಲ್ಲ, ಬ್ಯಾಂಕೂ ಬದಲಾಗಿರಲಿಲ್ಲ. ಒಂದು ಪುಸ್ತಕ ನನಗೆ ಇನ್ನೊಂದು ಜೊತೆ ಕಿವಿ ಕೊಟ್ಟಿತ್ತು. ಈ ಬಗೆಯ ಲಾಭವನ್ನು ಅಂಕಪಟ್ಟಿಯಲ್ಲಿ ತೋರಿಸಲಾಗದು, ಆದ್ದರಿಂದಲೇ ಇಂದಿನ ತಂದೆತಾಯಂದಿರಿಗೆ ಅದನ್ನು ವಿವರಿಸುವುದು ಕಷ್ಟ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ ಮೇಲೆ ಮಲೆನಾಡಿನ ಮರಗಳಲ್ಲಿ ಹಾರುವ ಓತಿಗಾಗಿ ಕಣ್ಣು ಹಾಯಿಸದವರು ನನ್ನ ಗೆಳೆಯರಲ್ಲಿ ಯಾರೂ ಇಲ್ಲ. ಓತಿ ಸಿಕ್ಕಿತೋ ಇಲ್ಲವೋ, ಮರವನ್ನಂತೂ ನೋಡಿದರು.

ಆ ಸಹೋದ್ಯೋಗಿ ಸಾಹಿತ್ಯದ ಅಧ್ಯಾಪಕರಲ್ಲ. ಪುಸ್ತಕ ನನಗೆ ದಕ್ಕುವಂತೆ ಮಾಡಿದ್ದು ಮಾತ್ರ ಅವರು. ವಿದ್ವತ್ತಿನ ಎತ್ತರದಲ್ಲಿ ಇದೇ ಕೆಲಸ ಮಾಡಿದವರು ಮೈಸೂರಿನಲ್ಲಿ ನೆಲೆಸಿದ್ದ ಎಲ್. ಬಸವರಾಜು. ವಚನಗಳ, ಹಳಗನ್ನಡ ಕಾವ್ಯಗಳ ಶಾಸ್ತ್ರೀಯ ಸಂಪಾದನೆಯಲ್ಲಿ ಪಳಗಿದ ಈ ವಿದ್ವಾಂಸರು, ಪಂಪನನ್ನು ಪಂಡಿತರ ವಶದಿಂದ ಬಿಡಿಸಿ ಸಾಮಾನ್ಯರ ಕೈಗಿಡಲು ಸರಳ ಆವೃತ್ತಿಗಳನ್ನು ಸಿದ್ಧಪಡಿಸಿದರು. ಅದನ್ನು ತಮ್ಮ ಘನತೆಗೆ ಕಡಿಮೆಯೆಂದು ಅವರು ಭಾವಿಸಲಿಲ್ಲ. ನಮ್ಮ ಇಂದಿನ ವಿಶ್ವವಿದ್ಯಾನಿಲಯಗಳ ಬಡ್ತಿಯ ನಿಯಮಾವಳಿಯಲ್ಲಿ ಇಂಥ ಕೆಲಸಕ್ಕೆ ಎಷ್ಟು ಅಂಕ ಸಿಕ್ಕೀತೆಂದು ಊಹಿಸಿಕೊಳ್ಳಲು ಭಯವಾಗುತ್ತದೆ.

ಪುಸ್ತಕವನ್ನು ಓದುಗನಿಗೆ ತಲುಪಿಸಲು ತಾನು ಓದಿರಲೇಬೇಕೆಂಬ ನಿಯಮವೂ ಇಲ್ಲವೆಂಬುದನ್ನು ತೋರಿಸಿದವರು ರಾಜೀವನಗರದ ಸೈಯದ್ ಇಸಾಕ್. ಶಾಲಾ ವಿದ್ಯಾಭ್ಯಾಸದಿಂದ ವಂಚಿತರಾದ ಈ ಕೂಲಿ ಕಾರ್ಮಿಕರು 2011ರಲ್ಲಿ ತಮ್ಮ ಬಡಾವಣೆಯಲ್ಲಿ ಉಚಿತ ಸಾರ್ವಜನಿಕ ವಾಚನಾಲಯವೊಂದನ್ನು ತೆರೆದರು. ದುಡಿಮೆಯ ಹಣದಲ್ಲಿ ಪ್ರತಿ ತಿಂಗಳೂ ಪತ್ರಿಕೆಗಳನ್ನು ತರಿಸಿದರು, ದಾನಿಗಳಿಂದ ಪುಸ್ತಕ ಸಂಗ್ರಹಿಸಿದರು. ಸುಮಾರು 11,000 ಪುಸ್ತಕಗಳಾದವು. ಅವುಗಳಲ್ಲಿ ಬಹುಪಾಲು ಕನ್ನಡದವು. ಭಗವದ್ಗೀತೆ, ಕುರಾನ್, ಬೈಬಲ್‌ಗಳ ಪ್ರತಿಗಳೂ ಒಂದೇ ಚಾವಣಿಯ ಕೆಳಗಿದ್ದವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಹತ್ತಿದ ಬೆಂಕಿಗೆ ಅಷ್ಟೂ ಬೂದಿಯಾಯಿತು. ಸುದ್ದಿ ಹರಡಿದಂತೆ ದೇಶದ ನಾನಾ ಕಡೆಗಳಿಂದ ದೇಣಿಗೆಯೂ ಪುಸ್ತಕಗಳ ಭರವಸೆಯೂ ಹರಿದುಬಂದವು. ಆ ಔದಾರ್ಯ ದೊಡ್ಡದು. ಆದರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ: ಇಷ್ಟು ದೊಡ್ಡ ಬಡಾವಣೆಯ ಮಕ್ಕಳಿಗೆ ಪುಸ್ತಕ ಒದಗಿಸುವ ಹೊಣೆ ಹತ್ತು ವರ್ಷ ಕಾಲ ಒಬ್ಬ ಕೂಲಿಕಾರರ ಹೆಗಲ ಮೇಲೆ ಏಕಿತ್ತು?

ಹೊಣೆ ಯಾರದೆಂಬುದನ್ನು ಕಾನೂನು ಎಂದೋ ಹೇಳಿಬಿಟ್ಟಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ಅದರ ದರ ಈಗ ಶೇ 6. ಮನೆಯಿರುವ ಪ್ರತಿಯೊಬ್ಬ ಮಧ್ಯಮ ವರ್ಗದವನೂ, ಓದಲಿ ಬಿಡಲಿ, ಗ್ರಂಥಾಲಯದ ಚಂದಾದಾರನೇ. ನಲ್ಲಿಯಲ್ಲಿ ಎರಡು ದಿನ ನೀರು ಬಾರದಿದ್ದರೆ ಪಾಲಿಕೆಯ ಕದ ತಟ್ಟುವ ನಾವು, ಈ ಕರದ ಹಣ ಪುಸ್ತಕವಾಗಿ ಬಂತೇ ಎಂದು ವಿಚಾರಿಸಿದ್ದುಂಟೇ?

ಬಂದ ಪುಸ್ತಕಗಳ ಗತಿಯನ್ನೂ ನೋಡಬೇಕು. ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಸಗಟಾಗಿ ಖರೀದಿಸುವ ಪದ್ಧತಿ ಕನ್ನಡ ಪ್ರಕಾಶನವನ್ನು ಬದುಕಿಸಿದೆ, ನಿಜ. ಆದರೆ ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ಕಟ್ಟುವಲ್ಲಿ ದಪ್ಪ ಪುಸ್ತಕಕ್ಕೆ ಲಾಭ, ತೆಳ್ಳಗಿನ ‘ಕುಸುಮಬಾಲೆ’ಯಂಥದ್ದಕ್ಕೆ ನಷ್ಟ. ಇತ್ತ ನಗರದ ಯಾವ ವಾಚನಾಲಯಕ್ಕೆ ಹೋದರೂ ಕುರ್ಚಿಗಳು ತುಂಬಿರುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರು ತಮ್ಮದೇ ಪುಸ್ತಕ ತಂದು, ತಮ್ಮದೇ ನೀರಿನ ಬಾಟಲಿ ಇಟ್ಟುಕೊಂಡು, ಸಂಜೆಯವರೆಗೆ ಕೂರುತ್ತಾರೆ. ಮನೆಯಲ್ಲಿ ಓದಲು ಸ್ಥಳವಿಲ್ಲದ ಅವರಿಗೆ ಆ ಕುರ್ಚಿ ಬೇಕೇ ಬೇಕು. ಅವರ ಬೆನ್ನ ಹಿಂದಿನ ಕಪಾಟುಗಳಿಗೆ ಮಾತ್ರ ಬೀಗ. ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರು ತೆರೆದ ಕಪಾಟಿನ ಪರವಾಗಿ ವಾದಿಸಿದರು. ಓದುಗನಿಗೆ ಪುಸ್ತಕದ ಮೇಲೆ ಹಕ್ಕಿರುವಂತೆಯೇ ಪುಸ್ತಕಕ್ಕೂ ಓದುಗನನ್ನು ಪಡೆಯುವ ಹಕ್ಕಿದೆಯೆಂಬ ಅರ್ಥದ ಸೂತ್ರವನ್ನು ಅವರು 1931ರಷ್ಟು ಹಿಂದೆಯೇ ಕೊಟ್ಟಿದ್ದರು. ಬೀಗದ ಕೈ ಇಟ್ಟುಕೊಂಡವರು ಗ್ರಂಥ ಕಾಯುತ್ತಾರೆ, ಒಪ್ಪೋಣ. ಶಾಮಶಾಸ್ತ್ರಿಗಳು ಕಟ್ಟು ಬಿಚ್ಚಿದರು ಎಂಬುದನ್ನೂ ನೆನೆಯೋಣ.

ಮೊಬೈಲೇ ಈಗ ಪುಸ್ತಕ ಸೂಚಿಸುತ್ತದಲ್ಲ ಎನ್ನುವವರಿದ್ದಾರೆ. ಸೂಚಿಸುತ್ತದೆ, ಆದರೆ ನಾನು ಹಿಂದೆ ಕೊಂಡದ್ದರಂಥದ್ದನ್ನೇ, ನನ್ನಂಥವರು ಕೊಂಡದ್ದನ್ನೇ ಹೆಚ್ಚಾಗಿ ಸೂಚಿಸುತ್ತದೆ. ನಾನು ಕೆಳಗಿಡಬಹುದಾಗಿದ್ದ ಪುಸ್ತಕವನ್ನು ಎತ್ತಿಕೊಂಡು, ಕಿವಿಯಲ್ಲಿ ಓದಿ ಎಂದು ಹೇಳಲು ಅದಕ್ಕೆ ತಾಯಿಯ ನುಡಿಯಿಲ್ಲ.

ನಮ್ಮ ಮನೆಯ ಸಮೀಪದ ಶಾಖಾ ಗ್ರಂಥಾಲಯದಲ್ಲಿ ಕಪಾಟು ತೆರೆದೇ ಇರುತ್ತದೆ. ಅಲ್ಲಿನ ಸಿಬ್ಬಂದಿಗೆ ಅಭಿನಂದನೆ ಸಲ್ಲಬೇಕು. ನಿರಂಜನರು ಸಂಪಾದಿಸಿದ ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪುಟವೊಂದನ್ನು ಕಳೆದ ಮಳೆಗಾಲದಲ್ಲಿ ಎರವಲು ತಂದೆ. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಮೊಹರುಗಳು ಒತ್ತೊತ್ತಾಗಿದ್ದವು; ಆಮೇಲೆ ವಿರಳವಾಗುತ್ತ, ಹಲವು ವರ್ಷಗಳ ಕಾಲ ಏನೂ ಇರಲಿಲ್ಲ. ಹಿಂದಿರುಗಿಸುವಾಗ, ಇದನ್ನು ಒಳಗಿಡಬೇಡಿ, ಪತ್ರಿಕೆಗಳ ಮೇಜಿನ ಮೇಲೇ ಇರಲಿ ಎಂದು ಕೇಳಿಕೊಂಡೆ. ಮೇಜಿನಲ್ಲಿದ್ದ ಹೆಣ್ಣುಮಗಳು ನಕ್ಕು ಹಾಗೇ ಮಾಡಿದರು. ಮೂರು ವಾರದ ನಂತರ ಹೋದಾಗ ಅದು ಮೇಜಿನ ಮೇಲಿರಲಿಲ್ಲ, ಕಪಾಟಿನಲ್ಲೂ ಇರಲಿಲ್ಲ. “ಪರೀಕ್ಷೆಗೆ ಓದೋಕೆ ಬರೋ ಹುಡುಗಿಯೊಬ್ಬಳು ತಗೊಂಡು ಹೋದಳು ಸಾರ್,” ಎಂದರು, “ಇದರ ಉಳಿದ ಸಂಪುಟ ಎಲ್ಲಿದೆ ಅಂತ ಕೇಳ್ತಿದ್ದಳು.”